ಎಲುಬು ಕೂಡುವ ತನಕ

ನನ್ನ ಲಗ್ನ ಮುಂದಕ್ಕೆ ಹೋದದ್ದು ಒಂದು ಕಬ್ಬಿನಿಂದ. ಗಡಹಿಂಗ್ಲಜದವರ ಜೊತೆ ಸಾಕರಪುಡಾ, ಅಂದರೆ ನಿಶ್ಚಯ, ಮುಗಿದಿತ್ತು. ಎರಡೂ ಮನೆಯವರು ಸಕ್ಕರೆ ಹಂಚಿ, ಮದುವೆ ಬೇಸಿಗೆಯಲ್ಲಿ ಎಂದು ಮಾತಾಡಿಕೊಂಡಿದ್ದರು. ಗೆಜ್ಜೆ ಕೊಳ್ಳಲೆಂದು ಅವ್ವ ಮತ್ತು ನಾನು ಸ್ಕೂಟಿಯ ಮೇಲೆ ಇಚಲಕರಂಜಿಯಿಂದ ಹುಪರಿಗೆ ಹೋದೆವು. ಬೆಳ್ಳಿ ಕೆಲಸದವರ ಮನೆಯ ಪಡಸಾಲೆಯಲ್ಲಿ ಕೂತು, ಚಹಾ ಕುಡಿದು, ಇದು ಬೇಡ ಅದು ಬೇಕು ಎಂದು ಅರ್ಧ ದಿನ ಕಳೆದು, ಕೊನೆಗೆ ಮೊದಲು ನೋಡಿದ್ದನ್ನೇ ತಗೊಂಡು ಹೊರಟೆವು. ಕಾರ್ಖಾನೆಗಳು ಕಬ್ಬು ನುರಿಸುವ ಕಾಲ ಅದು. ಸುಳಕೂಡದ ಕಡೆಯಿಂದ ಬಂದ ಟ್ರ್ಯಾಕ್ಟರೊಂದು ಎರಡು ಟ್ರಾಲಿ ಎಳೆದುಕೊಂಡು ನಮ್ಮ ಮುಂದೆ ತೂಗಾಡುತ್ತ ಹೋಗುತ್ತಿತ್ತು. ಅದರಿಂದ ಜಾರಿದ ಒಂದು ಕಬ್ಬು ರಸ್ತೆಗೆ ಅಡ್ಡ ಬಿತ್ತು. ಸ್ಕೂಟಿಯ ಮುಂದಿನ ಗಾಲಿ ಅದರ ಮೇಲೆ ಹತ್ತಿ ಜಾರಿ, ಗಾಡಿ ಉರುಳಿತು.

ಅವ್ವ ರಸ್ತೆಯ ಬದಿಯ ಹುಲ್ಲಿನಲ್ಲಿ, ಯಾರೋ ಎತ್ತಿ ಕೂರಿಸಿದ ಹಾಗೆ ಕೂತಿದ್ದಳು. ಗೆಜ್ಜೆಯ ಡಬ್ಬಿ ಎದೆಗೆ ಅವಚಿಕೊಂಡಿದ್ದಳು. ಅದನ್ನು ತೆರೆದು ನೋಡಿ ಸಮಾಧಾನಪಟ್ಟು ನನ್ನ ಕಡೆ ತಿರುಗಿದಳು.

"ಗೆಜ್ಜಿಗೆ ಏನೂ ಆಗಿಲ್ಲ. ಏಳವಾ."

"ಅವ್ವಾ, ನನಗ ಏಳಾಕ ಆಗವಲ್ದು."

ನನ್ನ ಬಲಗಾಲಿನಲ್ಲಿ ಮೊಣಕಾಲ ಕೆಳಗಿನ ದಪ್ಪ ಎಲುಬು ಮುರಿದಿತ್ತು. ಊರಿನ ಆಸ್ಪತ್ರೆಯಲ್ಲಿ ಆಪರೇಶನ್ ಮಾಡಿ ಒಳಗೆ ಸರಳು ಕೂರಿಸಿದರು. ಕೆಲವು ತಿಂಗಳಲ್ಲಿ ಸರಿಹೋಗುತ್ತದೆ ಎಂದರು. ಲಗ್ನವನ್ನು ದೀಪಾವಳಿಯ ನಂತರಕ್ಕೆ ಹಾಕಿದರು. ಆಗ ನನಗೆ ದುಃಖವೇನೂ ಆಗಲಿಲ್ಲ. ಓದಲು, ಮಲಗಲು, ತಾಯಿಯ ಕೈಯಿಂದ ಊಟ ಬಡಿಸಿಕೊಳ್ಳಲು ಸಿಕ್ಕ ರಜೆ ಅನಿಸಿತು.

ನಾವು ಬನಹಟ್ಟಿ ಕಡೆಯಿಂದ ಬಂದವರು. ಅಪ್ಪ ಇಚಲಕರಂಜಿಯಲ್ಲಿ ಬೇರೆಯವರ ವಿದ್ಯುತ್ ಮಗ್ಗ ನಡೆಸುತ್ತಿದ್ದ. ಅವ್ವ ಮನೆಯಲ್ಲೇ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನಾನು ಬಟ್ಟೆ ತಪಾಸಣೆಗೆ ಹೋಗುತ್ತಿದ್ದೆ. ಮಗ್ಗದಿಂದ ಇಳಿದ ಕೋರಾ ಬಟ್ಟೆಯನ್ನು ಕೆಳಗೆ ದೀಪವಿರುವ ಗಾಜಿನ ಮೇಜಿನ ಮೇಲೆ ಎಳೆಯುತ್ತ, ಎಳೆ ಕಡಿದಲ್ಲಿ, ಎಣ್ಣೆ ಕಲೆ ಆದಲ್ಲಿ ಗುರುತು ಹಾಕುವ ಕೆಲಸ. ದಿನವಿಡೀ ನಿಂತೇ ಮಾಡಬೇಕು. ಹಾಗಾಗಿ ಕಾಲು ಸರಿಯಾಗದೆ ಕೆಲಸವೂ ಇಲ್ಲ.

ಮಳೆಗಾಲ ಬಂತು. ಕಾಲು ಸರಿಯಾಗಲಿಲ್ಲ. ಊರಿದರೆ ಮುರಿದ ಜಾಗದಲ್ಲೇ ಸೂಜಿ ಚುಚ್ಚಿದ ಹಾಗೆ ಆಗುತ್ತಿತ್ತು. ಓಣಿಯ ಹೆಂಗಸರು ಒಬ್ಬೊಬ್ಬರು ಒಂದೊಂದು ಮದ್ದು ತಂದರು. ನಾಚಣಿ ಎನ್ನುವ ರಾಗಿಯ ಅಂಬಲಿ ಕುಡಿ, ಅಳವಿ ಬೀಜದ ಖೀರು ಕುಡಿ, ಯಾರದೋ ಊರಲ್ಲಿ ಎಲುಬು ಕಟ್ಟುವವನಿದ್ದಾನೆ ಅವನ ಎಣ್ಣೆ ಹಚ್ಚು. ಎಣ್ಣೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕುಡಿದೆ. ನಾನು ದಪ್ಪ ಆದೆ, ಎಲುಬು ಮಾತ್ರ ಹಾಗೇ ಇತ್ತು.

ಕೊಲ್ಹಾಪುರದ ಒಬ್ಬ ಎಲುಬಿನ ಡಾಕ್ಟರ ಬಳಿ ಹೋದೆವು. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನಮಗೂ ತೋರಿಸಿದರು. ಎರಡು ತುಂಡುಗಳ ನಡುವೆ ತೆಳ್ಳಗಿನ ಕಪ್ಪು ಗೆರೆ. ನನಗೆ ಅದು ನನ್ನ ಗಾಜಿನ ಮೇಜಿನ ಮೇಲಿನ ಬಟ್ಟೆಯ ಹಾಗೇ ಕಂಡಿತು. ದೀಪದ ಮೇಲೆ ಹಿಡಿದ ಕೂಡಲೇ ತಪ್ಪು ಎದ್ದು ಕಾಣುವ ಬಟ್ಟೆ.

"ಎರಡು ದಾರಿ ಇವೆ" ಎಂದರು ಡಾಕ್ಟರು. "ಸೊಂಟದಿಂದ ಸ್ವಲ್ಪ ಎಲುಬು ತೆಗೆದು ಇಲ್ಲಿ ತುಂಬುವುದು ಒಂದು. ಅದಕ್ಕೆ ಮತ್ತೆ ಆಪರೇಶನ್ ಬೇಕು. ಅದಕ್ಕಿಂತ ಮೊದಲು ಒಂದು ಯಂತ್ರ ನೋಡಬಹುದು."

ಯಂತ್ರವನ್ನು ತರಿಸಿ ತೋರಿಸಿದರು. ಎಳೆಯ ಮಕ್ಕಳ ತಲೆದಿಂಬಿನ ಹಾಗೆ ಮೆತ್ತಗಿದ್ದ ಒಂದು ಉಂಗುರ, ಅದರೊಳಗೆ ತಾಮ್ರದ ತಂತಿಯ ಸುರುಳಿ, ಅಲ್ಲಿಂದ ಹೊರಟ ವಾಯರು, ಕೊನೆಗೆ ಹಸಿರು ದೀಪದ ಸಣ್ಣ ಡಬ್ಬಿ. ನಡೆಯುವಾಗ ಎಲುಬಿನ ಮೇಲೆ ಭಾರ ಬಿದ್ದು ಒಳಗೆ ಅತಿ ಸಣ್ಣ ವಿದ್ಯುತ್ತು ಹುಟ್ಟುತ್ತದಂತೆ, ಎಲುಬು ಕಟ್ಟುವ ಜೀವಕಣಗಳಿಗೆ ಅದೇ ಕೆಲಸಕ್ಕೆ ಕರೆದ ಹಾಗಂತೆ. ನಾನು ಕಾಲೂರದೆ ಆ ಕರೆ ನಿಂತುಹೋಗಿತ್ತು. ಸುರುಳಿಯಲ್ಲಿ ಕರೆಂಟು ಬಿಟ್ಟು ಬಿಟ್ಟು ಹರಿದರೆ ಅದರ ಸುತ್ತ ಕಾಂತಶಕ್ತಿ ಮಿಡಿಯುತ್ತದೆ, ಅದು ಚರ್ಮ ಮಾಂಸ ದಾಟಿ ಎಲುಬಿಗೆ ಮುಟ್ಟುತ್ತದೆ ಎಂದರು. ಒಳಗಿನ ಸರಳಿಗೆ ಅದರಿಂದ ತೊಂದರೆ ಇಲ್ಲವೆಂದೂ ಹೇಳಿದರು.

"ಗ್ಯಾರಂಟಿ ಐತೇನ್ರಿ?" ಎಂದು ಕೇಳಿದಳು ಅವ್ವ.

ಡಾಕ್ಟರು ಅಲ್ಲಿಯ ತನಕ ಮರಾಠಿಯಲ್ಲಿ ಮಾತಾಡಿದ್ದವರು ಕನ್ನಡಕ್ಕೆ ಬಂದರು. "ಗ್ಯಾರಂಟಿ ಕೊಡೂ ಡಾಕ್ಟರ ಕಡೆ ಹೋಗಬ್ಯಾಡ್ರಿ. ಕೆಲವರಿಗೆ ಆಗತೈತಿ, ಕೆಲವರಿಗೆ ಆಗೂದಿಲ್ಲ. ಮೂರು ತಿಂಗಳು ನೋಡೂಣು."

ಹೀಗೆ ಆ ಯಂತ್ರ ಬಾಡಿಗೆಗೆ ನಮ್ಮ ಮನೆಗೆ ಬಂತು. ದಿನಕ್ಕೆ ಕೆಲವು ತಾಸು ಕಾಲಿಗೆ ಕಟ್ಟಿಕೊಂಡು ಕೂರಬೇಕು. ಉಳಿದ ಹೊತ್ತು ಕೋಲು ಹಿಡಿದು ಸ್ವಲ್ಪ ಸ್ವಲ್ಪ ಕಾಲೂರಿ ನಡೆಯಬೇಕು. ಮೊದಲ ದಿನ ಅವ್ವ ಎದುರಿಗೆ ಕೂತು ನನ್ನ ಮುಖವನ್ನೇ ನೋಡಿದಳು.

"ಬಿಸಿ ಆಗಾಕತ್ತೈತೇನು?"

"ಇಲ್ಲ."

"ಜುಮು ಜುಮು?"

"ಏನೂ ಇಲ್ಲವಾ."

"ಏನೂ ಆಗವಲ್ದು ಅಂದ್ರ ಇದೆಂಥಾ ಔಷಧ?" ಎಂದಳು. ಕಹಿ ಇರದ, ಉರಿಯದ, ವಾಸನೆ ಬಾರದ ಮದ್ದನ್ನು ಅವಳು ಜನ್ಮದಲ್ಲಿ ನೋಡಿರಲಿಲ್ಲ.

ಇನ್ನು ಗಡಹಿಂಗ್ಲಜದವರ ವಿಷಯ. ನಾನು ಲಗ್ನವಾಗಬೇಕಾದವರು ಅಲ್ಲಿ ಮೋಟಾರ್ ವೈಂಡಿಂಗ್ ಮಾಡುತ್ತಿದ್ದರು. ಸುಟ್ಟುಹೋದ ನೀರಿನ ಪಂಪುಗಳ ಸುರುಳಿ ಬಿಚ್ಚಿ ಹೊಸ ತಂತಿ ಸುತ್ತುವ ಕೆಲಸ. ಅವರ ತಂದೆ ಎಸ್‌ಟಿ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾಗಿದ್ದರು. ತಾಯಿ ಮನೆಯ ಯಜಮಾನಿ, ಎತ್ತರದ, ಆಗ ಕಡಿಮೆ ಮಾತಿನವರಂತೆ ಕಂಡ ಹೆಂಗಸು. ಅವರು ಆಗಿನ್ನೂ ನನ್ನ ಅತ್ತೆ ಮಾವ ಆಗಿರಲಿಲ್ಲ, ಆದರೂ ಇಲ್ಲಿ ಹಾಗೇ ಬರೆಯುತ್ತೇನೆ.

ಲಗ್ನ ಮುಂದೆ ಹೋದಾಗ ಅವರ ಕಡೆಯಿಂದ ಕೆಟ್ಟ ಮಾತು ಬರಲಿಲ್ಲ. ಆದರೆ ಎಲುಬು ಕೂಡಿಲ್ಲವೆಂಬ ಸುದ್ದಿ ಹೋದ ಮೇಲೆ ಅತ್ತೆಯ ಫೋನು ಕಡಿಮೆಯಾಯಿತು. ಅವರ ನೆಂಟರಲ್ಲಿ ಯಾರೋ, ಎಲುಬೇ ಕೂಡವಲ್ದು, ಇನ್ನ ಮನಿತನ ಹೆಂಗ ಕೂಡತೈತಿ ಎಂದರಂತೆ. ಇಂಥ ಮಾತಿಗೆ ಬಸ್ಸು ಬೇಕಾಗುವುದಿಲ್ಲ, ಅದೇ ದಿನ ಇಚಲಕರಂಜಿಗೆ ಬಂದು ಮುಟ್ಟಿತು. ಅಪ್ಪ ಎರಡು ಹೊತ್ತು ಸರಿಯಾಗಿ ಉಣ್ಣಲಿಲ್ಲ.

ಯಂತ್ರ ಬಂದು ಒಂದು ವಾರವಾಗಿರಬೇಕು. ಬೆಳಿಗ್ಗೆ ಹೊತ್ತು, ಅಪ್ಪ ಮಗ್ಗಕ್ಕೆ ಹೋಗಿದ್ದ. ಬಾಗಿಲಲ್ಲಿ ಮಾವ ನಿಂತಿದ್ದರು. ಬಿಳಿ ಪೈಜಾಮ, ಬಗಲಲ್ಲಿ ಚೀಲ, ಚೀಲದಲ್ಲಿ ಶೇಂಗಾ. ನಾನು ಕಾಲಿಗೆ ಉಂಗುರ ಕಟ್ಟಿಕೊಂಡು ಮಂಚದ ಮೇಲೆ ಕಾಲು ಚಾಚಿ ಕೂತಿದ್ದೆ. ಮಾವನಾಗಬೇಕಾದವರ ಎದುರು ಹಾಗೆ ಕೂರುವುದುಂಟೇ? ಗಡಬಡಿಸಿ ಏಳಲು ಹೋದೆ. ವಾಯರು ಎಳೆದು ಡಬ್ಬಿ ಕೆಳಗೆ ಬೀಳುವುದರಲ್ಲಿತ್ತು. ಮಾವ ಎರಡು ಹೆಜ್ಜೆ ಓಡಿಬಂದು ಡಬ್ಬಿ ಹಿಡಿದರು.

"ಕುಂದರವಾ, ಕುಂದರ. ಮಶೀನು ಬಿದ್ದರ ಏನ್ ಮಾಡ್ತಿ?"

"ಬರ್ರಿ ಮಾಮಾರಿ" ಎಂದೆ.

"ಏನಿಲ್ಲ, ಇಲ್ಲೆ ಧೋತರ ತಗೊಳ್ಳಾಕ ಬಂದಿದ್ದೆ. ಇಚಲಕರಂಜಿ ಧೋತರ ಬಾಳಿಕಿ ಬರತಾವ" ಎಂದರು ಮಾವ. ಅವರು ಉಟ್ಟದ್ದು ಪೈಜಾಮ ಎನ್ನುವುದು ಅವ್ವನ ಕಣ್ಣಿಗೂ ಬಿತ್ತು, ನನ್ನ ಕಣ್ಣಿಗೂ ಬಿತ್ತು. ಅವ್ವ ಚಹಾ ತಂದುಕೊಟ್ಟಳು. ಚಹಾ ಕುಡಿದರು, ಯಂತ್ರದ ಬಗ್ಗೆ ಕೇಳಿದರು, ಹೊರಟರು.

ಮುಂದಿನ ವಾರ ಮತ್ತೆ ಬಂದರು. ಈ ಸಲ ಡಿಪೋದಲ್ಲಿ ಹಳೆಯ ಗೆಳೆಯನನ್ನು ನೋಡಲು ಬಂದದ್ದು. ಬೆಲ್ಲ ತಂದಿದ್ದರು. ನಾನು ಕೋಲು ಹಿಡಿದು ಅಡುಗೆಮನೆಯಿಂದ ನೀರು ತಂದುಕೊಟ್ಟೆ. ಅವರು ನೀರಿನ ತಂಬಿಗೆಯನ್ನು ನೋಡದೆ ನನ್ನ ಪಾದವನ್ನೇ ನೋಡುತ್ತಿದ್ದರು.

ಮೂರನೆಯ ಸಲ ಬಂದವರು ಕುರ್ಚಿಯಲ್ಲಿ ಕೂತು ಟೋಪಿ ತೆಗೆದು ತಲೆ ಒರೆಸಿಕೊಂಡರು.

"ಈ ಸಲ ಏನ್ ನೆವ ಹೇಳೂದು ಅಂತ ನಿಪ್ಪಾಣಿಯಿಂದ ವಿಚಾರ ಮಾಡ್ಕೋತ ಬಂದೆ. ಕಾಗಲ ದಾಟಿದ್ರೂ ಏನೂ ಹೊಳೀಲಿಲ್ಲ. ಖರೇ ಹೇಳಿಬಿಡ್ತೇನಿ. ನಿನ್ನ ಕಾಲು ನೋಡಿಕೊಂಡು ಬರ್ರಿ ಅಂತ ನಿಮ್ಮತ್ತಿ ಕಳಸ್ಯಾಳ. ಆಕೀಗೆ ಬಸ್ಸು ಅಂದ್ರ ವಾಂತಿ. ಇಲ್ಲಂದ್ರ ತಾನ ಬರ್ತಿದ್ಲು."

ನನಗೆ ನಗು ಬಂತು. ಅವ್ವನಿಗೆ ಸಿಟ್ಟು ಬರಬೇಕಿತ್ತು, ಅವಳಿಗೂ ನಗುವೇ ಬಂತು. "ಮತ್ತ ಏನಂತ ಹೇಳ್ತೀರಿ ಅವರಿಗೆ?" ಎಂದು ಕೇಳಿದೆ.

"ಮೊದಲಿಗಿಂತ ಬರೋಬರ್ ಐತಿ ಅಂತ ಹೇಳ್ತೇನಿ. ಆದ್ರ ಆಕಿ ಒಂದಕ್ಕ ಹತ್ತು ಕೇಳ್ತಾಳ. ಬೆರಳು ಊರ್ತಾಳೋ ಹಿಮ್ಮಡ ಊರ್ತಾಳೋ, ಮೆಟ್ಟಲಾ ಹತ್ತತಾಳೋ ಇಲ್ಲೋ, ಕೆಳಗ ಕುಂದ್ರಾಕ ಆಗತೈತೋ ಇಲ್ಲೋ. ನಾ ಸರ್ವಿಸಿನಾಗ ಇದ್ದಾಗ ಚೆಕ್ಕಿಂಗಿನವರೂ ಇಷ್ಟು ಕೇಳ್ತಿರಲಿಲ್ಲ." ಆಮೇಲೆ, "ಅದಿರಲಿ, ನೀ ಏನ್ ಕೆಲಸ ಮಾಡ್ತಿದ್ದೆವಾ?" ಎಂದರು.

"ಬಟ್ಟಿಯಾಗ ತಪ್ಪು ಹುಡಕೂದು ರೀ."

"ತಪ್ಪು ಹುಡಕೂ ಕೆಲಸ ಸೊಸಿದಲ್ಲ, ಅದು ಅತ್ತೀದು" ಎಂದರು ಮಾವ, ಬಹಳ ಗಂಭೀರವಾಗಿ. ಅವತ್ತಿನಿಂದ ನನಗೆ ಅವರ ಬಗ್ಗೆ ಅಂಜಿಕೆ ಹೋಯಿತು.

ಒಂದು ಭಾನುವಾರ ಅವರ ಜೊತೆ ಮಗನೂ ಬಂದರು. ಅವರು ಯಂತ್ರದ ವಿಷಯ ಕೇಳಿದಾಗಿನಿಂದ ಫೋನಿನಲ್ಲಿ ನನ್ನ ಕಾಲಿಗಿಂತ ಸುರುಳಿಯನ್ನೇ ಹೆಚ್ಚು ವಿಚಾರಿಸುತ್ತಿದ್ದರು. ಒಳಗೆ ಎಷ್ಟು ಸುತ್ತು ಹಾಕಿದ್ದಾರೆ, ತಂತಿ ಎಷ್ಟು ದಪ್ಪ. ಬಂದವರೇ ಉಂಗುರವನ್ನು ಕೈಯಿಂದ ಒತ್ತಿ ಒತ್ತಿ ನೋಡತೊಡಗಿದರು.

"ಇದರ ಹೊಲಿಗಿ ಒಂದೀಟು ಬಿಚ್ಚಿದ್ರ..."

"ಬಿಚ್ಚಬ್ಯಾಡ್ರಿ" ಎಂದೆವು ನಾವು ಮೂವರೂ ಒಟ್ಟಿಗೆ.

ಅವರು ಬಿಚ್ಚಲಿಲ್ಲ. ಜೇಬಿನಿಂದ ದಿಕ್ಕು ತೋರಿಸುವ ಒಂದು ಸಣ್ಣ ಕಾಂತದ ಮುಳ್ಳಿನ ಡಬ್ಬಿ ತೆಗೆದು ನನ್ನ ಕಾಲಿನ ಪಕ್ಕ ಇಟ್ಟರು. ಸುಮ್ಮನೆ ಉತ್ತರಕ್ಕೆ ತಿರುಗಿ ನಿಂತಿದ್ದ ಮುಳ್ಳು, ಯಂತ್ರ ಚಾಲೂ ಮಾಡಿದ ಕೂಡಲೇ ನಡುಗತೊಡಗಿತು. ಬಂದ್ ಮಾಡಿದರೆ ನಿಂತಿತು. ಮತ್ತೆ ಚಾಲೂ ಮಾಡಿದರೆ ಮತ್ತೆ ನಡುಗಿತು. ಅವ್ವ ಬಗ್ಗಿ ಬಹಳ ಹೊತ್ತು ನೋಡಿದಳು.

"ಅಂದ್ರ ಏನೋ ಬರಾಕತ್ತೈತಿ ಅನ್ನು" ಎಂದಳು ಕೊನೆಗೆ. ಮರುದಿನದಿಂದ ಅವಳೇ ಹೊತ್ತಿಗೆ ಸರಿಯಾಗಿ ಉಂಗುರ ತಂದು ಕಟ್ಟತೊಡಗಿದಳು. ಕಟ್ಟುವ ಮುಂಚೆ ನನ್ನ ಕೈಗಡಿಯಾರ, ಫೋನು ಎರಡನ್ನೂ ಕಸಿದು ದೂರ ಇಡುತ್ತಿದ್ದಳು.

ಈಗ ಮಾವನವರ ಹೆಗಲಿನ ಮಾತು. ಟೋಪಿ ತೆಗೆಯುವಾಗ, ಚೀಲ ಇಡುವಾಗ ಅವರು ಎಡಗೈಯನ್ನೇ ಉಪಯೋಗಿಸುತ್ತಿದ್ದದ್ದು ನನಗೆ ಕಂಡಿತ್ತು. ಕೇಳಿದಾಗ, ಬಲಗೈಯಿಂದ ಬಸ್ಸಿನ ಮೇಲಿನ ದಂಡಿಗೆ ಹಿಡಿದು ಹಿಡಿದು, ಸರ್ವಿಸ್ ಪೂರ್ತಿ ಹಾಗೇ ಜೋತಾಡಿ, ಈಗ ಕೈ ಕಿವಿಗಿಂತ ಮೇಲೆ ಏಳುವುದಿಲ್ಲ ಎಂದರು. ಹೆಂಡತಿಗೆ ಹೇಳಿರಲಿಲ್ಲ.

"ಯಾಕ್ರಿ ಹೇಳಿಲ್ಲ?"

"ಹೇಳಿದ್ರ ದವಾಖಾನಿಗೆ ನಡೀರಿ ಅಂತಾಳ."

ಹಾಗೆ ಹೇಳುತ್ತಲೇ ಅವರು ಯಂತ್ರದ ಕಡೆ ನೋಡುತ್ತಿದ್ದರು. ಮಿಠಾಯಿ ಅಂಗಡಿಯ ಮುಂದೆ ನಿಂತವರು ನೋಡುವ ಹಾಗೆ. ಆದರೆ ಡಾಕ್ಟರನ್ನು ಕೇಳದೆ ಕೊಡಲು ನಾನು ಒಪ್ಪಲಿಲ್ಲ. ನನ್ನ ತಪಾಸಣೆಗೆ ಕೊಲ್ಹಾಪುರಕ್ಕೆ ಹೋಗುವ ದಿನ ನೀವೂ ಬನ್ನಿ ಎಂದೆ.

ಆ ದಿನದ ಪ್ರಯಾಣವನ್ನು ನೆನೆದರೆ ಈಗಲೂ ಖುಷಿಯಾಗುತ್ತದೆ. ಬಸ್ಸಿನ ಕಂಡಕ್ಟರು ಮಾವನ ಗುರುತಿನವರು. ಮುಂದಿನ ಸೀಟಿನವರನ್ನು ಹಿಂದೆ ಕಳಿಸಿ ನನಗೆ ಕಾಲು ಚಾಚಲು ಜಾಗ ಮಾಡಿಸಿದರು. ಮಾವ ಮಾತ್ರ ಕೂರಲಿಲ್ಲ. ಬಸ್ಸು ಹೊರಟ ಮೇಲೆ ಅಭ್ಯಾಸದಿಂದ ಬಾಗಿಲ ಹತ್ತಿರ ಹೋಗಿ ನಿಂತು, ಹತ್ತುವವರಿಗೆ "ಪುಢೇ ಚಲಾ, ಪುಢೇ ಚಲಾ" ಎಂದು ಮರಾಠಿಯಲ್ಲಿ ಮುಂದೆ ಸರಿಯಲು ಹೇಳತೊಡಗಿದರು. ನಿಜವಾದ ಕಂಡಕ್ಟರು ನಗುತ್ತ ಟಿಕೀಟು ಕೊಡುತ್ತಿದ್ದರು.

ಡಾಕ್ಟರು ಮಾವನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಎಕ್ಸ್‌ರೇ ತೆಗೆಸಿ, ಹೆಗಲಿನ ಕೀಲು ಬಿಗಿದಿದೆ ಎಂದರು. ಗೋಡೆಗೆ ಎದುರಾಗಿ ನಿಂತು ಬೆರಳುಗಳನ್ನು ಇರುವೆಯ ಹಾಗೆ ಮೇಲಕ್ಕೆ ಹತ್ತಿಸುವ ವ್ಯಾಯಾಮ ಹೇಳಿಕೊಟ್ಟರು.

"ಮತ್ತ ಆ ಮಶೀನು?" ಎಂದರು ಮಾವ.

ಡಾಕ್ಟರು ನಕ್ಕರು. ಎದೆಯೊಳಗೆ ಪೇಸ್‌ಮೇಕರ್ ಇಟ್ಟಿದ್ದಾರೆಯೇ ಎಂದು ಕೇಳಿ, ಇಲ್ಲವೆಂದ ಮೇಲೆ, "ನೋವಿಗೂ ಅದರಲ್ಲಿ ಬೇರೆ ಗುಂಡಿ ಇದೆ. ಹುಡುಗಿಯ ಹೊತ್ತು ಮುಗಿದ ಮೇಲೆ ಸ್ವಲ್ಪ ಹೊತ್ತು ಹಾಕಿಕೊಳ್ಳಿ, ಅಡ್ಡಿಯಿಲ್ಲ. ನೋವು ತುಸು ಇಳಿಯಬಹುದು, ಇಳಿಯದೆಯೂ ಇರಬಹುದು. ಆದರೆ ಕೈ ಮೇಲೇಳುವುದು ವ್ಯಾಯಾಮದಿಂದ. ಅದನ್ನು ಬಿಡಬೇಡಿ" ಎಂದರು. ಮಾವ ಮೊದಲ ಅರ್ಧ ಮಾತ್ರ ಕೇಳಿಸಿಕೊಂಡರು.

ಅಲ್ಲಿಂದ ಮುಂದೆ ವಾರಕ್ಕೊಮ್ಮೆ ಬರುವವರು ಎರಡು ಸಲ ಬರತೊಡಗಿದರು. ನನ್ನ ಕಾಲಿನಿಂದ ಬಿಚ್ಚಿದ ಉಂಗುರವನ್ನು ಹೆಗಲಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ತಾವು ನೋಡಿದ ಪ್ರಯಾಣಿಕರ ಕತೆ ಹೇಳುತ್ತಿದ್ದರು. ಅಂಬಾಬಾಯಿಯ ಗುಡಿಗೆಂದು ಹೊರಟ ಮುದುಕಿಯೊಬ್ಬಳು ನಿದ್ದೆಯಲ್ಲಿ ಕೊಲ್ಹಾಪುರ ದಾಟಿ ಸಾಂಗಲಿಗೆ ಹೋಗಿ, ಅಲ್ಲಿಯ ಗಣಪತಿಗೆ ಕೈಮುಗಿದು, ದೇವರು ಎಲ್ಲ ಒಂದೇ ಎಂದು ತಿರುಗಿ ಬಂದದ್ದು. ಬಸ್ಸಿನಲ್ಲಿ ಕೋಳಿ ಮೊಟ್ಟೆಯಿಟ್ಟಾಗ ಅದು ಯಾರಿಗೆ ಸೇರಬೇಕೆಂದು ಜಗಳವಾದದ್ದು. ಅವ್ವ ನೂಲು ಸುತ್ತುತ್ತ ಕೇಳುತ್ತಿದ್ದಳು. ನಾನು ಕೋಲಿಲ್ಲದೆ ಗೋಡೆ ಹಿಡಿದು ನಡೆಯುವುದನ್ನು ಕಲಿಯುತ್ತಿದ್ದೆ. ವ್ಯಾಯಾಮ ಮಾಡಿದಿರಾ ಎಂದು ಕೇಳಿದರೆ ಮಾವ, "ಗಡಹಿಂಗ್ಲಜದಾಗ ಮಾಡ್ತೇನಿ" ಎನ್ನುತ್ತಿದ್ದರು. ಗಡಹಿಂಗ್ಲಜದಲ್ಲಿ ಮಾಡುತ್ತಿರಲಿಲ್ಲ. ಮಾಡಿದರೆ ಹೆಂಡತಿಗೆ ಗೊತ್ತಾಗುತ್ತಿತ್ತು.

ಅಲ್ಲಿ ಅತ್ತೆಗೆ ಅನುಮಾನ ಹುಟ್ಟಿತು. ಕಾಲು ನೋಡಲು ಹೋದ ಮನುಷ್ಯ ಇಷ್ಟು ಸಲ ಯಾಕೆ ಹೋಗಬೇಕು? ಹುಡುಗಿಯ ಸ್ಥಿತಿ ಕೆಟ್ಟಿದೆ, ತನಗೆ ಹೇಳದೆ ಮುಚ್ಚಿಡುತ್ತಿದ್ದಾರೆ ಎಂದುಕೊಂಡರು. ನವರಾತ್ರಿ ಕಳೆದು ಒಂದು ದಿನ, ಮಾವ ಹೊರಟ ಮೇಲೆ ಮುಂದಿನ ಬಸ್ಸಿಗೇ ತಾವೂ ಹತ್ತಿದರು.

ನಮ್ಮ ಮನೆಯಲ್ಲಿ ಆಗ ಹೀಗಿತ್ತು. ಮಾವ ಅಂಗಿಯ ಗುಂಡಿ ಬಿಚ್ಚಿ ನನ್ನ ಮಂಚದ ಮೇಲೆ ಮಲಗಿದ್ದರು, ಹೆಗಲ ಮೇಲೆ ಉಂಗುರ. ಅವ್ವ ನೀರಿಗೆ ಹೋಗಿದ್ದಳು. ನಾನು ಅಡುಗೆಮನೆಯಲ್ಲಿ ನಿಂತು ಅವರಿಗೆ ಚಹಾ ಸೋಸುತ್ತಿದ್ದೆ. ಬಾಗಿಲಲ್ಲಿ ಯಾರೋ ಕೆಮ್ಮಿದ ಸದ್ದಾಯಿತು. ನೋಡಿದರೆ ಅತ್ತೆ, ಮುಖ ಬಿಳಿಚಿ, ಸೆರಗಿನ ತುದಿಯನ್ನು ಬಾಯಿಗೆ ಹಿಡಿದು ನಿಂತಿದ್ದರು. ಅವರ ಕಣ್ಣು ಮಂಚದ ಮೇಲಿನ ಗಂಡನ ಮೇಲೆ ಹೋಯಿತು, ಅಲ್ಲಿಂದ ಚಹಾದ ಪಾತ್ರೆ ಹಿಡಿದ ನನ್ನ ಮೇಲೆ ಬಂತು.

"ಕಾಲು ಮುರದದ್ದು ಯಾರದು?" ಎಂದು ಕೇಳಿದರು.

ಮಾವ ಎದ್ದು ಕೂತರು. "ಬಸ್ಸಿನಾಗ ತ್ರಾಸ ಆತೇನು?" ಎಂದರು.

ನಾನು ನೀರು ಕೊಟ್ಟೆ, ಲಿಂಬಿ ಹಿಂಡಿದ ಶರಬತ್ತು ಕೊಟ್ಟೆ. ಅವರು ಕುಡಿಯುತ್ತ ನಾನು ಹೋಗುವುದನ್ನು, ಬರುವುದನ್ನು ನೋಡಿದರು. ಸುಧಾರಿಸಿಕೊಂಡ ಮೇಲೆ ಹತ್ತಿರ ಕರೆದು ಮಂಚದ ಮೇಲೆ ಕೂರಿಸಿದರು. ನನ್ನ ಕಾಲನ್ನು ತಮ್ಮ ತೊಡೆಯ ಮೇಲೆ ಎಳೆದುಕೊಂಡು, ಸಂತೆಯಲ್ಲಿ ಬದನೆಕಾಯಿ ಒತ್ತಿ ನೋಡುವ ಹಾಗೆ ಹೆಬ್ಬೆರಳಿನಿಂದ ಮೇಲಿಂದ ಕೆಳಗೆ ಒತ್ತುತ್ತ ಬಂದರು.

"ಇಲ್ಲಿ ನೋವಾಗತೈತೇನು?"

"ಸ್ವಲ್ಪ ಆಗತೈತ್ರಿ."

"ಸ್ವಲ್ಪ ಅಂದ್ರ ಖರೇ ಸ್ವಲ್ಪೋ, ಅತ್ತಿ ಮುಂದ ಹೇಳೂ ಸ್ವಲ್ಪೋ?"

"ಖರೇ ಸ್ವಲ್ಪ ರೀ. ಮೊದಲ ಭಾಳ ಆಗತಿತ್ತು."

"ಮೆಟ್ಟಲಾ?"

"ಒಂದೆರಡು ಹತ್ತತೇನಿ. ಕಡಿದಾಗಿದ್ರ ಆಗೂದಿಲ್ಲ."

ಅವರು ನನ್ನ ಕಾಲನ್ನು ತೊಡೆಯಿಂದ ಕೆಳಗಿಳಿಸಿದರು. ಲಗ್ನದ ಮಾತು ಈಗ ಮುರಿಯುತ್ತದೆ ಎಂದುಕೊಂಡೆ. ಅಷ್ಟರಲ್ಲಿ ಅವ್ವನೂ ಕೊಡ ಹಿಡಿದು ಬಾಗಿಲಿಗೆ ಬಂದಿದ್ದಳು. ಅವಳ ಮುಖದಲ್ಲೂ ಅದೇ ಹೆದರಿಕೆ ಇತ್ತು.

"ನಮ್ಮ ಮನೀ ಮಾಳಗಿ ಮ್ಯಾಲಿನ ಖೋಲಿ ನಿಮಗಂತ ಇಟ್ಟಿದ್ದೆ" ಎಂದರು ಅತ್ತೆ. "ಅದರ ಮೆಟ್ಟಲಾ ಕಟಗೀವು, ಕಡಿದಾಗಿ ಅದಾವ. ಆ ಮೆಟ್ಟಲಾ ನೆನಸಿದ್ರ ನನಗ ನಿದ್ದಿ ಬರತಿರಲಿಲ್ಲ. ಅದಕ್ಕ ಇವರಿಗೆ ಕೇಳಿದೆ, ಹೋಗಿ ಬರೋಬರ್ ನೋಡಿಕೊಂಡು ಬರ್ರಿ ಅಂತ. ಇವರು ಛಲೋ ಐತಿ ಅಂತಾರ, ಮೆಟ್ಟಲಾ ಹತ್ತತಾಳ ಅಂತಾರ. ಎಷ್ಟು ಹತ್ತತಾಳ ಅಂದ್ರ ಗೊತ್ತಿಲ್ಲ ಅಂತಾರ. ಕಡೀಕ ನಾನ ಶೇಂಗಾ ತುಂಬೂ ಕೆಳಗಿನ ಖೋಲಿ ಖಾಲಿ ಮಾಡಿಸಿ ಸುಣ್ಣಾ ಹೊಡಿಸೇನಿ. ಮ್ಯಾಲಿಂದು ಶೇಂಗಾಕ್ಕ ಇರಲಿ."

ಅವ್ವ ಕೊಡ ಕೆಳಗಿಟ್ಟು ಹೊಸಿಲ ಮೇಲೆ ಕೂತುಬಿಟ್ಟಳು. "ನಾವು ಬ್ಯಾರೇನ ತಿಳಕೊಂಡಿದ್ವಿ ಅಕ್ಕಾರ" ಎಂದಳು.

"ಏನ್ ತಿಳಕೊಂಡಿದ್ರಿ?"

"ಎಲುಬು ಕೂಡಿಲ್ಲ ಅಂತ ಸಂಬಂಧ ಬ್ಯಾಡ ಅಂತೀರೇನೋ ಅಂತ."

ಅತ್ತೆಗೆ ಅದು ಅರ್ಥವಾಗಲು ಕ್ಷಣ ಹಿಡಿಯಿತು. "ಅದನ್ನ ಅಂದವಳು ನನ್ನ ನೆಗೆಣ್ಣಿ" ಎಂದರು. "ಆಕಿ ಮಾತಿಗೆ ನಮ್ಮ ಮನ್ಯಾಗ ಬೆಕ್ಕೂ ಕಿವಿ ಕೊಡೂದಿಲ್ಲ. ಫೋನಿನಾಗ ಕಾಲಿಂದು ಕೇಳಿದ್ರ ಹುಡುಗಿ ಮನಸಿಗೆ ಹತ್ತತೈತಿ ಅಂತ ನಾ ಕೇಳೂದು ಬಿಟ್ಟಿದ್ದೆ."

ಆಮೇಲೆ ಗಂಡನ ಕಡೆ ತಿರುಗಿದರು. ಹೆಗಲಿನ ಕತೆಯೆಲ್ಲ ಹೊರಗೆ ಬಂತು. ಗೋಡೆಯ ವ್ಯಾಯಾಮದ ಮಾತನ್ನು ನಾನೇ ಹೇಳಿಬಿಟ್ಟೆ, ಮಾವ ನನ್ನನ್ನು ನೋಡಿದ ನೋಟ ಮರೆತಿಲ್ಲ. ಅತ್ತೆ ಅವರನ್ನು ಅಲ್ಲೇ ಗೋಡೆಗೆ ನಿಲ್ಲಿಸಿ, ಬೆರಳು ಎಲ್ಲಿಯ ತನಕ ಹತ್ತುತ್ತದೆ ನೋಡಿ, ಅಲ್ಲೊಂದು ಕುಂಕುಮದ ಬೊಟ್ಟು ಇಟ್ಟರು. ನಾಳೆ ಗಡಹಿಂಗ್ಲಜದ ಗೋಡೆಗೂ ಇಷ್ಟೇ ಎತ್ತರಕ್ಕೆ ಬೊಟ್ಟು ಇಡುತ್ತೇನೆ, ದಿನಾ ಅದಕ್ಕಿಂತ ಮೇಲೆ ಹೋಗಬೇಕು ಎಂದರು. ಅವತ್ತು ಅವರು ನಮ್ಮಲ್ಲೇ ಉಂಡರು. ಅವ್ವ ಜೋಳದ ರೊಟ್ಟಿ ಬಡಿದಳು. ನಾನು ಒಲೆಯ ಹತ್ತಿರ ಸಣ್ಣ ಸ್ಟೂಲಿನ ಮೇಲೆ ಕೂತು ಬೇಯಿಸಿದೆ. ಸಂಜೆಯ ಬಸ್ಸು ಹತ್ತುವ ಮುಂಚೆ ಅತ್ತೆ ಯಂತ್ರವನ್ನು ಒಮ್ಮೆ ಮುಟ್ಟಿ, "ಇದು ವಾಂತಿಗೆ ಬರತೈತೇನು?" ಎಂದು ಕೇಳಿದರು. ಬರುವುದಿಲ್ಲ ಎಂದಾಗ ನಿಟ್ಟುಸಿರು ಬಿಟ್ಟು ಲಿಂಬಿಕಾಯಿ ತಗೊಂಡು ಹೋದರು.

ದೀಪಾವಳಿಯ ನಂತರ ಕೊಲ್ಹಾಪುರದಲ್ಲಿ ಹೊಸ ಎಕ್ಸ್‌ರೇ ತೆಗೆದರು. ಕಪ್ಪು ಗೆರೆ ಇದ್ದಲ್ಲಿ ಬೆಳ್ಳಗೆ ಹೊಗೆಯಾಡಿದ ಹಾಗೆ ಕಾಣುತ್ತಿತ್ತು. ಒಂದು ಬದಿಯಲ್ಲಿ ಆ ಹೊಗೆ ಗಟ್ಟಿಯಾಗಿ ಎರಡೂ ತುಂಡುಗಳನ್ನು ಹಿಡಿದಿತ್ತು. ಡಾಕ್ಟರು ಅದರ ಮೇಲೆ ಪೆನ್ನಿನ ತುದಿ ಇಟ್ಟು, "ಕೂಡುತ್ತಿದೆ" ಎಂದರು. ಆ ಒಂದು ಶಬ್ದ ಕೇಳಿ ನನ್ನ ಕಣ್ಣು ತುಂಬಿತು. ಅಪ್ಪ ರಜೆ ಹಾಕಿ ಬಂದಿದ್ದ, ಅವನು ಎಕ್ಸ್‌ರೇಗೆ ಕೈಮುಗಿದ.

"ಮಶೀನಿನಿಂದ ಆದದ್ದೇನ್ರಿ?" ಎಂದು ಅವ್ವ ಕೇಳಿದಳು.

"ಮಶೀನು ಇರಬಹುದು. ಕಾಲೂರಿ ನಡೆದದ್ದೂ ಇರಬಹುದು. ಕಾಲ ಕಳೆದದ್ದೂ ಇರಬಹುದು" ಎಂದರು ಡಾಕ್ಟರು. "ಯಂತ್ರ ಇಲ್ಲದೆಯೂ ಕೂಡುತ್ತಿತ್ತೋ ಏನೋ, ಈಗ ಅದನ್ನು ನೋಡಬೇಕೆಂದರೆ ಹುಡುಗಿಯ ಇನ್ನೊಂದು ಕಾಲು ಮುರಿಯಬೇಕು."

ಇನ್ನೂ ಕೆಲವು ವಾರ ಕಟ್ಟಿಕೊಂಡೆ. ಯಂತ್ರವನ್ನು ತಗೊಂಡು ಹೋಗಲು ಬಂದವರನ್ನು ಮಾವ, ಇನ್ನು ಯಾರಿಗೆ ಹೋಗುತ್ತದೆ ಎಂದು ವಿಚಾರಿಸಿದರು. ಮುರಗೂಡದ ಕಡೆಯ ಒಬ್ಬ ರೈತರಿಗೆ, ಎತ್ತಿನ ಗಾಡಿಯಿಂದ ಬಿದ್ದು ತೊಡೆ ಮುರಿದಿದೆ ಎಂದರು. "ಅವರಿಗೆ ಹೇಳ್ರಿ, ಏನೂ ಆಗವಲ್ದು ಅಂತ ಬಿಡಬ್ಯಾಡ್ರಿ ಅಂತ" ಎಂದು ಮಾವ ಡಬ್ಬಿಯನ್ನು ತಾವೇ ಒರೆಸಿ ಕೊಟ್ಟರು.

ಲಗ್ನ ಮಾಘದಲ್ಲಿ ಆಯಿತು. ಸಪ್ತಪದಿಯ ಹೊತ್ತಿಗೆ ಭಟ್ಟರು ಅವಸರ ಮಾಡಿದರು, ಅತ್ತೆ ಹಿಂದಿನಿಂದ, "ಸಾವಕಾಶ ರೀ, ಆಕಿ ಎಲ್ಲೂ ಓಡಿ ಹೋಗೂದಿಲ್ಲ" ಎಂದರು. ಮಂಟಪದಲ್ಲಿದ್ದವರೆಲ್ಲ ನಕ್ಕರು. ನಾನೂ ತಲೆ ತಗ್ಗಿಸಿಕೊಂಡೇ ನಕ್ಕೆ.

ಗಡಹಿಂಗ್ಲಜಕ್ಕೆ ಬಂದು ಈಗ ಕೆಲವು ವರ್ಷಗಳಾದವು. ಮಳೆ ಹಿಡಿದ ದಿನ ಕಾಲು ಸ್ವಲ್ಪ ಹಿಡಿಯುತ್ತದೆ, ಉಳಿದಂತೆ ಮರೆತೇಹೋಗಿದೆ. ಮಾವನ ಕೈ ತಲೆಯ ಮೇಲೆ ಏಳುತ್ತದೆ. ಅವರು ಅದನ್ನು ಯಂತ್ರದ ಗುಣ ಎನ್ನುತ್ತಾರೆ, ಅತ್ತೆ ತಮ್ಮ ಗುಣ ಎನ್ನುತ್ತಾರೆ. ಆ ವಾದ ಚಹಾದ ಹೊತ್ತಿಗೆ ಆಗಾಗ ನಡೆಯುತ್ತದೆ. ಯಾರೂ ಗೆದ್ದಿಲ್ಲ.

ಹೋದ ತಿಂಗಳು ಪಕ್ಕದ ಮನೆಯ ಹೆಂಗಸು ಬಂದಿದ್ದರು. ಅವರ ತಂಗಿಯ ಮುಂಗೈ ಎಲುಬು ಕೂಡುತ್ತಿಲ್ಲವಂತೆ, ಡಾಕ್ಟರು ಇಂಥದೇ ಯಂತ್ರ ಹೇಳಿದ್ದಾರಂತೆ. ಅದರಿಂದ ಉಪಯೋಗವಾಗುತ್ತದೆಯೇ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮುಂಚೆ ಅತ್ತೆ ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದು ಕೂತರು.

"ನಾ ಹೇಳ್ತೇನಿ ಕೇಳ್ರಿ" ಎಂದು ಶುರು ಮಾಡಿದರು. ಉಂಗುರ ಎಲ್ಲಿ ಕಟ್ಟಬೇಕು, ಗಡಿಯಾರ ಯಾಕೆ ತೆಗೆಯಬೇಕು, ಏನೂ ತಿಳಿಯದಿದ್ದರೂ ಯಾಕೆ ಬಿಡಬಾರದು, ಆದರೂ ಗ್ಯಾರಂಟಿ ಇಲ್ಲವೆಂದು ಯಾಕೆ ಮೊದಲೇ ತಿಳಿದಿರಬೇಕು, ಡಾಕ್ಟರಿಗೆ ಏನೇನು ಕೇಳಬೇಕು, ಎಲ್ಲವನ್ನೂ ಒಂದೊಂದಾಗಿ ವಿವರಿಸಿದರು. ಕೇಳುತ್ತ ಕೇಳುತ್ತ ಆ ಹೆಂಗಸು ಅತ್ತೆಯ ಕಾಲಿನ ಕಡೆ ನೋಡಿ, "ನಿಮಗ ಯಾವ ಕಾಲು ಮುರದಿತ್ರಿ?" ಎಂದು ಕನಿಕರದಿಂದ ಕೇಳಿದರು.

ಅತ್ತೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡರು. "ನಮ್ಮ ಮನೀದು, ಬಲಗಾಲು" ಎಂದು, ಮತ್ತೆ ಮುಂದುವರಿಸಿದರು. ನಾನು ಚಹಾಕ್ಕೆ ನೀರಿಡಲು ಒಳಗೆ ಹೋದೆ.